ಮೂರು ಗಂಟೆಯ ಮಳೆ

ಬೆಳಿಗ್ಗೆ ಎಂಟು ಗಂಟೆ ಮೂವತ್ತೈದು ನಿಮಿಷಕ್ಕೆ ಬೆಳಗೊಳದ ಮರಿಸ್ವಾಮಿಯ ಆಲೆಮನೆಯ ಮೇಲೆ ಮಳೆ ಬಿತ್ತು. ಅವತ್ತು 1999ರ ಜನವರಿ 31, ಭಾನುವಾರ. ಇಪ್ಪತ್ತು ನಿಮಿಷ ಸುರಿದು ನಿಂತಿತು. ಅಷ್ಟರಲ್ಲಿ ಅಂಗಳದಲ್ಲಿ ಹರಡಿದ್ದ ಮೂರು ಟ್ರಾಕ್ಟರು ಒಣ ಕಬ್ಬಿನ ಸಿಪ್ಪೆ ನೆನೆದು ಮುದ್ದೆಯಾಯಿತು. ಒಲೆಗೆ ಹಾಕಲು ಒಳಗೆ ಉಳಿದದ್ದು ನಾಲ್ಕೇ ಹೊರೆ. ಕೊಪ್ಪರಿಗೆಯಲ್ಲಿ ಅರ್ಧ ಕುದಿದ ಕಬ್ಬಿನ ಹಾಲಿತ್ತು. ಬೆಂಕಿ ತಗ್ಗಿತು, ನೊರೆ ಕೂತಿತು, ಅವತ್ತಿನ ಬೆಲ್ಲ ಕೆಟ್ಟಿತು.

ಆ ಮಳೆ ಬೆಳಗಿನ ಜಾವ ಮೂರು ಗಂಟೆಗೆ ಬರುತ್ತದೆ ಎಂದು ಎರಡು ದಿನ ಮೊದಲೇ ಚೀಟಿ ಬರೆದುಕೊಟ್ಟವಳು ಮರಿಸ್ವಾಮಿಯ ಸೊಸೆ ಅನುಸೂಯ. ಶ್ರೀರಂಗಪಟ್ಟಣದ ಒಂದು ಹೈಸ್ಕೂಲಿನಲ್ಲಿ ಅವಳು ಪಿ.ಟಿ. ಮೇಡಂ. ಎಲ್ಲರೂ ಅನು ಎನ್ನುತ್ತಿದ್ದರು. ಅವಳ ಚೀಟಿಯಂತೆ ಶನಿವಾರ ಸಂಜೆ ಆಳುಗಳು ಸಿಪ್ಪೆಯನ್ನೆಲ್ಲ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿದ್ದರು. ಮೂರು ಗಂಟೆಗೆ ಒಂದು ಹನಿಯೂ ಬೀಳಲಿಲ್ಲ. ಬೆಳಿಗ್ಗೆ ಏಳಕ್ಕೆ, ಒಲೆಗೆ ಸಿಪ್ಪೆ ಹಾಕುವ ಕರಿಯಯ್ಯ ಬಂದು, "ಮೋಡ ಅದೆ ಕಣವ್ವಾ. ಟಾರ್ಪಾಲು ತೆಗೀಬೋದಾ?" ಎಂದು ಕೇಳಿದ. ಅನು ಆಕಾಶ ನೋಡಲಿಲ್ಲ, ಚೀಟಿ ನೋಡಿದಳು.

"ಹೊತ್ತು ಕಳೆದುಹೋಯ್ತು ಕರಿಯಣ್ಣ. ತೆಗೀರಿ," ಎಂದಳು.

ಈಗ ಅವಳು ಅಂಗಳದ ನಡುವೆ ನಿಂತಿದ್ದಳು. ಮಳೆಗೆ ಓಡಿ ಚಪ್ಪರದ ಕೆಳಗೆ ಸೇರಿದವರ ಜೊತೆ ಅವಳು ಸೇರಿರಲಿಲ್ಲ. ಸೀರೆ ಮೈಗೆ ಅಂಟಿತ್ತು, ಕೈಯಲ್ಲಿ ಟಾರ್ಪಾಲಿನ ಒಂದು ತುದಿ ಇತ್ತು. ಇನ್ನೊಂದು ತುದಿ ಹಿಡಿಯುವವರು ಇರಲಿಲ್ಲ.

ಮರಿಸ್ವಾಮಿ ಚಪ್ಪರದ ಕಂಬಕ್ಕೆ ಒರಗಿ ತಲೆಯ ಮೇಲಿನ ಟವೆಲು ತೆಗೆದು ಹಿಂಡಿದ. ಅರವತ್ತೆರಡು ವರ್ಷದ ಮನುಷ್ಯ. ಕೂಗುವ ಜಾಯಮಾನದವನಲ್ಲ. ಅವನ ಮಾತು ಯಾವಾಗಲೂ ಮೆತ್ತಗೆ ಶುರುವಾಗುತ್ತಿತ್ತು.

"ಮೂರು ಗಂಟೆ ಅಂದೆ. ಈಗೆಷ್ಟವ್ವಾ?"

"ಒಂಬತ್ತಾಗ್ತಾ ಬಂತು ಮಾವ."

"ಲೇ ಕರಿಯಾ, ನಿನ್ ಲೆಕ್ಕದಲ್ಲಿ ಎರಡಾದ್ಮೇಲೆ ಒಂಬತ್ತು ಬತ್ತದೇನ್ಲಾ?"

"ನಾನು ಇಸ್ಕೂಲಿಗೆ ಓಗಿಲ್ಲ ಗೌಡ್ರೇ. ಮೇಡಮ್ಮೋರು ಓಗವ್ರೆ, ಅವ್ರನ್ನೇ ಕೇಳಿ," ಎಂದ ಕರಿಯಯ್ಯ. ಆಳುಗಳು ನಕ್ಕರು. ಕರಿಯಯ್ಯ ಮಾತ್ರ ನಗಲಿಲ್ಲ. ನಾಲ್ಕು ದಿನ ಹಸಿ ಸಿಪ್ಪೆಯ ಹೊಗೆ ಕುಡಿಯಬೇಕಾದವನು ಅವನೇ.

"ಆಯ್ತು ಬುಡು," ಎಂದ ಮರಿಸ್ವಾಮಿ. "ಪಂಥ ಮುಗೀತು. ಆ ನಿನ್ ಅರ್ಜಿ ತಂದು ಒಲೆಗಾಕು. ಈ ಮನೇಲಿ ಒಣಗಿರೋದು ಈಗ ಅದೊಂದೇ."

"ಪಂಥ ಕಟ್ಟಿದ್ದು ನೀವು ಮಾವ. ನಾನು ಕಟ್ಲಿಲ್ಲ."

"ಓಹೋ. ಗೆದ್ದಿದ್ರೂ ಇಂಗೇ ಅಂತಿದ್ಯಾ?"

"ಗೆದ್ದಿದ್ರೂ ಅಂತಿದ್ದೆ."

ಮರಿಸ್ವಾಮಿ ಮಗನ ಕಡೆ ತಿರುಗಿದ. ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಚಲುವರಾಜು ಆಗಷ್ಟೇ ಮೊಪೆಡ್ಡಿನಲ್ಲಿ ಬಂದು, ಯಾರ ಪಕ್ಕದಲ್ಲಿ ನಿಲ್ಲಿಸುವುದೆಂದು ತಿಳಿಯದೆ ಅಂಗಳದ ಬಾಯಲ್ಲೇ ನಿಂತಿದ್ದ. "ನಿನ್ ಎಂಡ್ರಿಗೆ ಯೋಳ್ಲಾ," ಎಂದು ಅಪ್ಪ ಹೇಳಿದ. ಮಗ ಮೊಪೆಡ್ಡಿನ ಕನ್ನಡಿ ಒರೆಸಿದ.

ಅನು ಟಾರ್ಪಾಲಿನ ತುದಿ ಕೆಳಗಿಟ್ಟಳು. ಮನೆಗೆ ಹೋಗಿ ಸೀರೆ ಬದಲಿಸಿ, ಒಂದು ದಪ್ಪ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು, ಹತ್ತೂವರೆಯ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದಳು.

ಅರ್ಜಿಯ ಕತೆ ಶುರುವಾದದ್ದು ಹಿಂದಿನ ನವೆಂಬರಿನಲ್ಲಿ. ಶಾಲೆಗೆ ಒಂದು ಸುತ್ತೋಲೆ ಬಂತು. ವ್ಯಾಯಾಮ ಶಿಕ್ಷಕರಿಗೆ ಹಿಮಾಲಯದ ಗಢವಾಲದ ಬೆಟ್ಟಗಳಲ್ಲಿ ಹದಿನಾಲ್ಕು ದಿನದ ಸ್ಕೀಯಿಂಗ್ ತರಬೇತಿ, ಫೆಬ್ರವರಿ 14ರಿಂದ. ಕಾಲಿಗೆ ಎರಡು ಉದ್ದ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ವಯಸ್ಸು ಮೂವತ್ತು ಮೀರಿರಬಾರದು ಎಂದಿತ್ತು. ಅನುಗೆ ಜೂನ್ ಹೊತ್ತಿಗೆ ಮೂವತ್ತು ತುಂಬುತ್ತಿತ್ತು. ಈ ವರ್ಷ ಹೋಗದಿದ್ದರೆ ಇನ್ನು ಯಾವ ವರ್ಷವೂ ಇಲ್ಲ. ಅವಳು ಸ್ಟಾಫ್ ರೂಮಿನಲ್ಲಿ ಅದನ್ನು ಎರಡು ಸಲ ಓದಿ, ಅಲ್ಲೇ ಅರ್ಜಿ ತುಂಬಿದಳು. ಕಾಲೇಜಿನಲ್ಲಿ ನಾನೂರು ಮೀಟರ್ ಓಡುತ್ತಿದ್ದವಳು. ಮದುವೆಯಾಗಿ ಮೂರು ವರ್ಷ ಹುಡುಗಿಯರ ಓಟಕ್ಕೆ ಸೀಟಿ ಊದಿದ್ದು ಬಿಟ್ಟರೆ, ಪ್ರತಿ ಡಿಸೆಂಬರಿನಲ್ಲಿ ಅವರನ್ನು ಪಾಂಡವಪುರದ ಕುಂತಿಬೆಟ್ಟ ಹತ್ತಿಸಿ ಇಳಿಸಿದ್ದೇ ಅವಳ ಪಾಲಿಗೆ ಉಳಿದಿದ್ದ ಆಟ.

ಡಿಸೆಂಬರ್ ಮೊದಲ ವಾರ ಆಯ್ಕೆಯ ಪತ್ರ ಬಂತು. ಜೊತೆಗೆ ಒಂದು ಮುಚ್ಚಳಿಕೆ ನಮೂನೆ. ಏನಾದರೂ ಅಪಾಯವಾದರೆ ಸಂಸ್ಥೆ ಹೊಣೆಯಲ್ಲ ಎಂದು ಮನೆಯವರು ಒಪ್ಪಿ ಸಹಿ ಹಾಕಬೇಕು. ಫೆಬ್ರವರಿ ಐದರೊಳಗೆ ಬೆಂಗಳೂರಿನ ಕಚೇರಿಗೆ ತಲುಪಬೇಕು. ಚಲುವರಾಜು ಅದನ್ನು ಓದಿ, "ಅಪ್ಪ ಹೂಂ ಅನ್ನಲಿ, ಹಾಕ್ತೀನಿ," ಎಂದ. ಅಪ್ಪ ಹೂಂ ಅನ್ನಲಿಲ್ಲ. ಊಹೂಂ ಅನ್ನುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಅನು ಕಾಯುತ್ತ ಕೂರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಲಾರಿ ಬಾಡಿ ಕಟ್ಟುವ ಪೀರ್ ಅಹಮದ್ ಅವಳಿಗೆ ಐದೂವರೆ ಅಡಿಯ ಎರಡು ತೆಳು ಹಲಗೆ ಸೀಳಿಕೊಟ್ಟ. ಅವುಗಳ ಮೂತಿಯನ್ನು ಕೊಪ್ಪರಿಗೆಯ ಹಬೆಗೆ ಹಿಡಿದು ಬಗ್ಗಿಸಿದವನು ಕರಿಯಯ್ಯ. ತಳಕ್ಕೆ ತಗಡು, ಮೇಲೆ ಹಳೆಯ ಕ್ಯಾನ್ವಾಸ್ ಶೂ, ಬಿಗಿಯಲು ಸ್ಕೂಟರಿನ ಟ್ಯೂಬು. ಹಿಮ ಎಲ್ಲಿಂದ ತರುವುದು? ಆಲೆಮನೆಯ ಹಿಂದೆ ಹನ್ನೆರಡು ಅಡಿ ಎತ್ತರದ ಒಣ ಸಿಪ್ಪೆ ಗುಡ್ಡೆ ಇತ್ತು. ಒಣಗಿದ ಸಿಪ್ಪೆಯ ಮೇಲೆ ತಗಡು ಜಾರುತ್ತದೆ, ಹಸಿಯಾದರೆ ಹಿಡಿದುಕೊಳ್ಳುತ್ತದೆ. ಇದನ್ನು ಅವಳು ಮೂರು ಸಲ ಬಿದ್ದು ಕಲಿತಳು. ಜನವರಿಯ ಹೊತ್ತಿಗೆ ಹದಿನಾಲ್ಕು ಅಡಿ ಬೀಳದೆ ಜಾರುತ್ತಿದ್ದಳು. ಶಾಲೆಯ ಸ್ಟಾಪ್‌ವಾಚಿನಲ್ಲಿ ಎರಡು ಸೆಕೆಂಡು. ತಿಂಗಳ ಕೊನೆಗೆ ಆ ಗುಡ್ಡೆಯೂ ಒಲೆಗೆ ಹೋಗಿ ಮುಗಿದಿತ್ತು.

ಊರಿನವರು ಬೇಲಿ ಪಕ್ಕ ನಿಂತು ನೋಡಿದರು. "ಮರಿಸಾಮಣ್ಣನ ಸೊಸೆ ಸಿಪ್ಪೆ ಗುಡಿಸೋಕೆ ಒಸಾ ದಾರಿ ಕಂಡಿಡ್ದವ್ಳೆ," ಎಂದರು. ಅನು ಅವರ ಕಡೆ ತಿರುಗಿ, "ಬನ್ನಿ, ನೀವೂ ಒಂದು ಸಲ ಜಾರಿ ನೋಡಿ," ಎಂದಳು. ಯಾರೂ ಬೇಲಿ ದಾಟಲಿಲ್ಲ.

ಇದರ ಜೊತೆಗೆ ನೋಟ್‌ಬುಕ್ಕಿನ ಕೆಲಸ. ಪೀರ್ ಅಹಮದನ ಮಗಳು ಇಫ್ಫತ್ ಪೇಟೆ ಬೀದಿಯಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದಳು. ಅಲ್ಲಿ ಒಂದು ಕಂಪ್ಯೂಟರಿಗೆ ಇಂಟರ್‌ನೆಟ್ ಇತ್ತು. ಫೋನು ಮೈಸೂರಿಗೆ ಹತ್ತಬೇಕು, ಲೈನು ಸಿಗಬೇಕು, ಸಿಕ್ಕಿದ ಲೈನು ಕಡಿಯದೆ ಇರಬೇಕು. ಹವಾಮಾನದ ನಕ್ಷೆ ಪರದೆಯ ಮೇಲಿಂದ ಒಂದೊಂದೇ ಪಟ್ಟಿಯಾಗಿ ಇಳಿಯುವಷ್ಟರಲ್ಲಿ ಇಬ್ಬರೂ ಟೀ ಕುಡಿದು ಮುಗಿಸುತ್ತಿದ್ದರು. ಭೂಪಟದಲ್ಲಿ ಯಾವುದಾದರೂ ಜಾಗದ ಮೇಲೆ ಒತ್ತಿದರೆ ಅಲ್ಲಿಯ ಮುಂದಿನ ಮೂರು ದಿನದ ಚಳಿ, ಗಾಳಿ, ಮಳೆ, ಹಿಮ, ಮೂರು ಮೂರು ಗಂಟೆಗೆ ಒಂದು ಸಾಲಿನಂತೆ ಬರುತ್ತಿತ್ತು. ಅನು ಗಢವಾಲದ ಬೆಟ್ಟದ ಪಟ್ಟಿಯನ್ನು ಪ್ರತಿ ಸಂಜೆ ಪ್ರಿಂಟ್ ತೆಗೆಸಿ ಅಂಟಿಸುತ್ತಿದ್ದಳು. ಎರಡು ತಿಂಗಳಲ್ಲಿ ಅವಳಿಗೆ ಒಂದು ವಿಷಯ ತಿಳಿದಿತ್ತು, ಅಥವಾ ತಿಳಿಯಿತು ಎಂದುಕೊಂಡಿದ್ದಳು. ಹಿಮ ಬೀಳುವುದು ಹೆಚ್ಚಾಗಿ ಬೆಳಗಿನ ಜಾವ ಮೂರಕ್ಕೆ. ತರಬೇತಿ ಶುರುವಾಗುವ ಒಂಬತ್ತರ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ.

ಜನವರಿ ಮೂರನೆಯ ವಾರ ಮರಿಸ್ವಾಮಿ ಜಗುಲಿಯಲ್ಲಿ ಕೂತು ಆ ನೋಟ್‌ಬುಕ್ ತಿರುವಿದ. ನಾಲ್ಕು ಜನ ಎದುರಿಗಿದ್ದರು.

"ಅಲ್ಲಾ ಕಣವ್ವಾ, ಡೆಲ್ಲಿಯಿಂದಾಚೆ ಬೀಳೋ ಮಂಜು ನಿಂಗೆ ಗೊತ್ತಾಯ್ತದೆ. ನಮ್ ಆಲೆಮನೆ ಮ್ಯಾಲೆ ಬೀಳೋ ಮಳೆ ಗೊತ್ತಾಗಕಿಲ್ವಾ?"

"ಅದೂ ಗೊತ್ತಾಗುತ್ತೆ ಮಾವ."

"ಅಂಗಾದ್ರೆ ಯೋಳು. ಮುಂದಿನ ಮಳೆ ನೀ ಯೋಳಿದ ಗಂಟೆಗೆ ಬಂದ್ರೆ ನಮ್ ಚಲುವ ಸೈನಾಕ್ತಾನೆ. ಬರ್ಲಿಲ್ಲ ಅಂದ್ರೆ ಆ ಅರ್ಜಿ ಒಲೆಗೆ."

"ಮಳೆ ಹೇಳ್ತೀನಿ. ಸಿಪ್ಪೆ ಮನೇದು, ಅದು ನೆನೀಬಾರ್ದು. ನಾನು ಹೋಗೋದನ್ನ ಪಂಥಕ್ಕೆ ಇಡಲ್ಲ."

"ಇಟ್ಟಾಯ್ತು ಬುಡು," ಎಂದು ಮರಿಸ್ವಾಮಿ ಎದುರಿಗಿದ್ದವರಿಗೆ ಹೇಳಿದ. "ಎಲ್ಲಾ ಕೇಳುಸ್ಕಂಡ್ರಲ್ಲಾ?"

ಜನವರಿ 29ರ ಶುಕ್ರವಾರ ಇಫ್ಫತ್ ಭೂಪಟದಲ್ಲಿ ಮೈಸೂರಿನ ಚುಕ್ಕೆಯ ಮೇಲೆ ಒತ್ತಿದಳು. ಬೆಳಗೊಳ ಅದರಲ್ಲಿರಲಿಲ್ಲ. ಬಂಗಾಳಕೊಲ್ಲಿಯಿಂದ ಮೋಡ ಬರುತ್ತಿತ್ತು. ಭಾನುವಾರ, ಮೂರು ಗಂಟೆ ಎಂಬ ಸಾಲಿನ ಎದುರು ಮಳೆ ಎಂದಿತ್ತು. ಹಿಂದಿನ ಸಾಲಿನಲ್ಲಿ ಇಲ್ಲ, ಮುಂದಿನ ಸಾಲಿನಲ್ಲಿ ಇಲ್ಲ. ಅನು ಅದನ್ನು ಇದ್ದ ಹಾಗೆ ಚೀಟಿಗೆ ಬರೆದಳು.

ಭಾನುವಾರ ಅವಳು ಪೇಟೆ ಬೀದಿಗೆ ಬಂದಾಗ ಸೆಂಟರಿಗೆ ಬೀಗ ಹಾಕಿತ್ತು. ಮನೆಗೆ ಹೋಗಿ ಇಫ್ಫತಳನ್ನು ಕರೆತಂದಳು. ಹಿಂದೆಯೇ ಪೀರ್ ಅಹಮದ್ ಸಹ ಬಂದ. ಮಗಳು ರಜಾದಿನ ಅಂಗಡಿ ತೆಗೆದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

"ಮೂರಕ್ಕೆ ಬರಲಿಲ್ಲ ಇಫ್ಫತ್. ಎಂಟು ಮೂವತ್ತೈದಕ್ಕೆ ಬಂತು."

"ಬಂತಲ್ಲ ಮೇಡಂ. ಐದೂವರೆ ಗಂಟೆ ತಾನೇ ಹೆಚ್ಚುಕಮ್ಮಿ. ಮಳೆ ಏನು ರೈಲಾ?"

"ಐದೂವರೆ ಗಂಟೆ ಅಂದ್ರೆ ಮೂರು ಟ್ರಾಕ್ಟರು ಸಿಪ್ಪೆ. ಶುಕ್ರವಾರದ ಪಟ್ಟಿ ಮತ್ತೆ ತೆಗಿ. ನಾನು ಸಾಲು ತಪ್ಪಿ ಓದಿದೀನಾ ನೋಡ್ಬೇಕು."

ಹನ್ನೆರಡು ನಿಮಿಷಕ್ಕೆ ಲೈನು ಸಿಕ್ಕಿತು. ಹಳೆಯ ಪಟ್ಟಿ ಇನ್ನೂ ಅಲ್ಲೇ ಇತ್ತು. ಅನು ಕುರ್ಚಿ ಎಳೆದುಕೊಂಡು ಪರದೆಯ ಮೇಲೆ ಬೆರಳಿಟ್ಟು ಮೇಲಿನಿಂದ ಓದಿದಳು. ಭಾನುವಾರ, ಮೂರು ಗಂಟೆ, ಮಳೆ. ಸಾಲು ತಪ್ಪಿರಲಿಲ್ಲ. ಅವಳು ಪುಟವನ್ನು ಕೆಳಕ್ಕೆ ಇಳಿಸುತ್ತ ಹೋದಳು. ಪಟ್ಟಿ ಮುಗಿದು, ಒಂದು ಗೆರೆ ಬಂದು, ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು. ಎಲ್ಲ ಗಂಟೆಗಳೂ ಜಿ.ಎಂ.ಟಿ.ಯಲ್ಲಿವೆ.

"ಈ ಸಾಲು ನನ್ನ ಪ್ರಿಂಟಿನಲ್ಲಿ ಇಲ್ವಲ್ಲ," ಎಂದಳು ಅನು.

ಇಫ್ಫತ್ ಪ್ರಿಂಟರಿನ ಕಡೆ ನೋಡಿದಳು. ಆಮೇಲೆ, "ಅದು ಎರಡನೇ ಹಾಳೆಗೆ ಹೋಗುತ್ತೆ ಮೇಡಂ. ಒಂದು ಸಾಲಿಗೋಸ್ಕರ ಇನ್ನೊಂದು ಹಾಳೆ ಯಾಕೆ ಅಂತ ನಾನು ದಿನಾ ಮೊದಲ ಹಾಳೆಗೇ ನಿಲ್ಲಿಸ್ತಿದ್ದೆ," ಎಂದಳು.

"ಜಿ.ಎಂ.ಟಿ. ಅಂದ್ರೆ?"

ಬಾಗಿಲಲ್ಲಿ ನಿಂತಿದ್ದ ಪೀರ್ ಅಹಮದ್ ಒಳಗೆ ಬಂದ. "ಅರೇ ಬೇಟಿ, ಅದು ಲಂಡನ್ ಗಡಿಯಾರ. ಮೂವತ್ತು ವರ್ಷದಿಂದ ರೇಡಿಯೋದಲ್ಲಿ ಅಲ್ಲಿಯ ಉರ್ದು ಖಬರ್ ಕೇಳ್ತಾ ಇವ್ನಿ. ಅವ್ರು ಮೂರು ಅಂದ್ರೆ ನಮ್ಗೆ ಎಂಟೂವರೆ. ಐದೂವರೆ ಕೂಡ್ಸು, ಅಷ್ಟೇ."

ಅನು ಕೂಡಿಸಿದಳು. ಎಂಟು ಮೂವತ್ತು. ಮಳೆ ಬಂದದ್ದು ಎಂಟು ಮೂವತ್ತೈದಕ್ಕೆ.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಗು. ಆದರೆ ನೋಟ್‌ಬುಕ್ ತೆರೆದಾಗ ಆ ನಗು ನಿಂತಿತು. ಡಿಸೆಂಬರಿನಿಂದ ಅಂಟಿಸಿದ್ದ ಐವತ್ತೆರಡು ಹಾಳೆಗಳಲ್ಲೂ ಗಂಟೆ ತಪ್ಪಾಗಿತ್ತು. ಬೆಟ್ಟದಲ್ಲಿ ಹಿಮ ಬೀಳುತ್ತಿದ್ದುದು ಎಲ್ಲರೂ ಮಲಗಿರುವಾಗ ಅಲ್ಲ. ತರಬೇತಿಯವರು ಹಲಗೆ ಕಟ್ಟಿಕೊಂಡು ಇಳಿಜಾರಿನ ತುದಿಯಲ್ಲಿ ನಿಲ್ಲುವ ಹೊತ್ತಿಗೆ. ಅವಳು ಇಫ್ಫತಳ ಪೆನ್ನು ತೆಗೆದುಕೊಂಡು ಅಲ್ಲೇ ಕೂತು, ಒಂದೊಂದೇ ಹಾಳೆಯ ಒಂದೊಂದೇ ಗಂಟೆಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದಳು. ಮೂರೂ ಕಾಲು ಗಂಟೆ ಹಿಡಿಯಿತು. ಪೀರ್ ಅಹಮದ್ ಎರಡು ಸಲ ಟೀ ತರಿಸಿದ.

"ಮನೇಲಿ ನನ್ನ ಹೆಸರು ಹೇಳಿ ಮೇಡಂ," ಎಂದಳು ಇಫ್ಫತ್. "ಹಾಳೆ ಉಳಿಸಿದ್ದು ನಾನು."

"ಹಾಳೆ ನೀನು ಉಳಿಸಿದೆ. ಚೀಟಿ ಬರೆದದ್ದು ನಾನು," ಎಂದು ಅನು ಎದ್ದಳು.

ಸಂಜೆ ಐದಕ್ಕೆ ಅವಳು ಆಲೆಮನೆಗೆ ಬಂದಾಗ ಆಳುಗಳು ಹಸಿ ಸಿಪ್ಪೆಯನ್ನು ಕವೆಗೋಲಿನಲ್ಲಿ ತಿರುವಿ ಹಾಕುತ್ತಿದ್ದರು. ಮರಿಸ್ವಾಮಿ ಅಚ್ಚಿನ ಮಣೆಯ ಮೇಲೆ ಕೂತಿದ್ದ. ಅನು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಪಾಠ ಒಪ್ಪಿಸುವವಳ ಹಾಗೆ, ಏರಿಳಿತವಿಲ್ಲದೆ.

"ಮಳೆ ಬರೋ ಹೊತ್ತು ಕಂಪ್ಯೂಟರು ಸರಿಯಾಗೇ ಹೇಳಿತ್ತು ಮಾವ. ಅದು ಹೇಳಿದ್ದು ಲಂಡನ್ನಿನ ಗಂಟೆ. ನಾನು ನಮ್ಮ ಗಂಟೆ ಅಂದ್ಕೊಂಡೆ. ಐದೂವರೆ ಗಂಟೆ ಕೂಡಿಸಬೇಕಿತ್ತು, ಕೂಡಿಸಲಿಲ್ಲ. ತಪ್ಪು ನಂದು. ಏಳು ಗಂಟೆಗೆ ಟಾರ್ಪಾಲು ತೆಗೀರಿ ಅಂದವಳೂ ನಾನೇ. ಕರಿಯಣ್ಣಂದು ಏನೂ ಇಲ್ಲ."

ಕವೆಗೋಲುಗಳು ನಿಂತವು. ಮರಿಸ್ವಾಮಿ ಯೋಚಿಸಿದ. ಅವನು ದಡ್ಡನಲ್ಲ.

"ಸರಿ. ಕಂಪೂಟ್ರು ಗೆಲ್ತು, ನೀ ಸೋತೆ. ಓಗೋದಾದ್ರೆ ಕಂಪೂಟ್ರು ಓಗ್ಲಿ."

ಈ ಸಲ ಕರಿಯಯ್ಯನೂ ನಕ್ಕ. ಅನುಗೂ ನಗು ಬಂತು, ತಡೆದುಕೊಂಡಳು.

"ಅಲ್ಲೂ ಇದೇ ತಪ್ಪು ಮಾಡ್ತಿದ್ದೆ ತಾನೇ?" ಎಂದ ಮರಿಸ್ವಾಮಿ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಮಂಜು ಬೀಳೋ ಒತ್ನಲ್ಲಿ ಬೆಟ್ಟದ ನೆತ್ತಿ ಮ್ಯಾಲೆ ನಿಂತಿರ್ತಿದ್ದೆ."

"ಹೌದು ಮಾವ. ನಿಂತಿರ್ತಿದ್ದೆ. ಇವತ್ತು ಸಿಪ್ಪೆ ನೆನೆದದ್ದಕ್ಕೆ ಅದು ಗೊತ್ತಾಯ್ತು. ಇನ್ನು ನಿಲ್ಲಲ್ಲ. ಐವತ್ತೆರಡು ಹಾಳೆನೂ ತಿದ್ದಿ ತಂದಿದೀನಿ. ತಪ್ಪು ಎಲ್ಲಿದೆ ಅಂತ ಗೊತ್ತಾದ ಮೇಲೂ ಮನೇಲಿ ಕೂತರೆ ಅದೊಂದು ಹೊಸ ತಪ್ಪು."

"ಮಾತಿಗೇನು ಕಮ್ಮಿ ಇಲ್ಲ."

"ಕೆಲಸಕ್ಕೂ ಇಲ್ಲ," ಎಂದು ಅನು ಸೆರಗು ಸೊಂಟಕ್ಕೆ ಸಿಗಿಸಿ, ಗೋಡೆಗೆ ಒರಗಿಸಿದ್ದ ಒಂದು ಕವೆಗೋಲು ತೆಗೆದುಕೊಂಡಳು.

ಅವತ್ತು ಕತ್ತಲಾಗುವ ತನಕ ಅವಳು ಸಿಪ್ಪೆ ತಿರುವಿದಳು. ಸೋಮವಾರ ಶಾಲೆಗೆ ರಜೆ ಹಾಕಿ ಬೆಳಗಿನಿಂದ ತಿರುವಿದಳು. ಕರಿಯಯ್ಯ ಮೊದಲು ಬೇಡವೆಂದ, ಆಮೇಲೆ ಸುಮ್ಮನಾದ. ಮಧ್ಯಾಹ್ನ ಮುದ್ದೆ ಉಣ್ಣುವಾಗ, "ಅವ್ವಾ, ಅಲ್ಲಿ ಬೀಳೋ ಮಂಜು ಎಷ್ಟು ಆಳ ಇರ್ತದೆ?" ಎಂದು ಕೇಳಿದ.

"ನಿನ್ನೆ ಪಟ್ಟಿಯಲ್ಲಿ ನಾಲ್ಕು ಅಡಿ ಇತ್ತು."

"ನಾಲ್ಕಡಿ ಸಿಪ್ಪೆ ಎತ್ತಾಕೋದು ಅಂದ್ರೆ ಅರ್ಧ ದಿನದ ಕೆಲ್ಸ," ಎಂದು ಕರಿಯಯ್ಯ ಬೆಟ್ಟವನ್ನು ತನ್ನ ಲೆಕ್ಕಕ್ಕೆ ತಂದುಕೊಂಡ.

ಸೋಮವಾರ ಸಂಜೆ ಅನು ಮುಚ್ಚಳಿಕೆ ನಮೂನೆಯನ್ನು ಗಂಡನ ಮುಂದಿಟ್ಟಳು. ಪೆನ್ನನ್ನೂ ಇಟ್ಟಳು.

"ಅಪ್ಪ ಇನ್ನೂ..." ಎಂದು ಚಲುವರಾಜು ಶುರುಮಾಡಿದ.

"ಇಡೀ ಊರಿನ ಹಾಲಿನ ಚೀಟಿಗೆ ದಿನಾ ಎರಡು ಹೊತ್ತು ಸೈನು ಹಾಕ್ತೀರಿ. ಯಾವತ್ತಾದ್ರೂ ಮಾವನ್ನ ಕೇಳಿದೀರಾ?"

"ಅದು ಬೇರೆ ಕಣೇ. ನಿಂಗೇನಾರ ಆದ್ರೆ ಊರು ನನ್ನ ಉಗೀತದೆ. ನಾನೇ ಸೈನಾಕಿ ಕಳ್ಸಿದೆ ಅಂತದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅನುಗೆ ಗೊತ್ತಿತ್ತು. ಅವಳು ನಮೂನೆಯನ್ನು ಹಿಂದಕ್ಕೆ ತೆಗೆದುಕೊಂಡು ದೀಪದ ಬೆಳಕಿಗೆ ಹಿಡಿದಳು. ಒಂದು ಕಾಗದವನ್ನು ಕೊನೆಯ ಸಾಲಿನ ತನಕ ಓದಬೇಕೆಂದು ಹಿಂದಿನ ದಿನವಷ್ಟೇ ಕಲಿತಿದ್ದಳು. ಸಹಿಯ ಜಾಗದ ಕೆಳಗೆ ಹೀಗಿತ್ತು: ತಂದೆ, ತಾಯಿ ಅಥವಾ ಪತಿ. ಅನಕ್ಷರಸ್ಥರಾದರೆ ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿಗಳು.

"ನಿಮಗೆ ಊರಿನ ಭಯ ಬೇಡ," ಎಂದು ಗಂಡನಿಗೆ ಹೇಳಿದಳು. "ನೀವು ಹಾಕಬೇಡಿ."

ಮಂಗಳವಾರ ಶಾಲೆ ಬಿಟ್ಟ ಮೇಲೆ ಅವಳು ಪಾಂಡವಪುರಕ್ಕೆ ಹೋಗಿ, ಅಲ್ಲಿಂದ ಕೆ.ಆರ್. ಪೇಟೆ ಬಸ್ಸು ಹಿಡಿದು, ಸಿಂಧಘಟ್ಟಕ್ಕೆ ತವರಿಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಒಬ್ಬಳೇ ಇದ್ದ ತಾಯಿ ಪಾರ್ವತಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅವಳು ಕರೆದು ಮುಗಿಸುವ ತನಕ ಅನು ನಿಂತು, ಆಮೇಲೆ ಎಲ್ಲವನ್ನೂ ಹೇಳಿದಳು. ಅಪಾಯವಾದರೆ ಯಾರೂ ಹೊಣೆಯಲ್ಲ ಎಂಬ ಸಾಲನ್ನು ಎರಡು ಸಲ ಓದಿ ಹೇಳಿದಳು. ಸಿಪ್ಪೆ ನೆನೆದದ್ದನ್ನೂ ಬಿಡಲಿಲ್ಲ.

"ನಿಮ್ ಮಾವ ಏನಂದ್ರು?"

"ಬೇಡ ಅಂದ್ರು."

"ನಿನ್ ಗಂಡ?"

"ಬೇಡ ಅನ್ನಲಿಲ್ಲ. ಹೂಂ ಅಂತಾನೂ ಅನ್ನಲಿಲ್ಲ."

"ನಾನೂ ಬ್ಯಾಡ ಅಂದ್ರೆ?"

ಇದಕ್ಕೆ ಅನು ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡಿದ್ದ ಉತ್ತರ ಯಾವುದೂ ಸರಿಹೋಗಲಿಲ್ಲ.

"ನೀನು ಹಾಕದಿದ್ದರೆ ಹೋಗೋಕಾಗಲ್ಲ ಅವ್ವ. ಇನ್ನು ಯಾರೂ ಇಲ್ಲ. ಆದ್ರೆ ಹೋಗಬಾರದಿತ್ತು ಅಂತ ನಾನು ಯಾವತ್ತೂ ಒಪ್ಪಲ್ಲ."

ಪಾರ್ವತಮ್ಮ ಹಾಲಿನ ಚೊಂಬು ಒಳಗಿಟ್ಟು ಬಂದು, ಸೆರಗಿಗೆ ಕೈ ಒರೆಸಿಕೊಂಡಳು. "ಅಲ್ಲಿ ಕಂಬ್ಳಿ ಕೊಡ್ತಾರಾ?"

"ಕೊಡ್ತಾರೆ."

"ಎಷ್ಟು?"

"ಒಬ್ಬೊಬ್ರಿಗೆ ಮೂರು ಅಂತ ಬರೆದಿದೆ."

"ಒಂದು ಇಲ್ಲಿಂದ್ಲೂ ತಕ್ಕೊಂಡೋಗು. ಬರ್ದಿರೋದ್ನೆಲ್ಲ ಕೊಡ್ತಾರೆ ಅಂತಿಲ್ಲ," ಎಂದು ಪಾರ್ವತಮ್ಮ ಹೆಬ್ಬೆರಳು ಮುಂದೆ ಚಾಚಿದಳು. ಪಕ್ಕದ ಮನೆಯ ಮಂಚಯ್ಯನೂ ಊರಿನ ಅಂಚೆಯ ತಿಮ್ಮರಾಜುವೂ ಸಾಕ್ಷಿ ಹಾಕಿದರು. ಮಂಚಯ್ಯ ಕಾಗದ ಓದಿ, "ಜಾರಿ ಬೀಳೋದ ಕಲ್ಯೋಕೆ ಅಷ್ಟು ದೂರ ಓಗ್ಬೇಕೇನವ್ವಾ? ನಮ್ ಕೆರೆ ಮೆಟ್ಲು ಇಲ್ವಾ?" ಎಂದ. ಅನು, "ಬೀಳದೆ ಜಾರೋದನ್ನ ಕಲಿಯೋಕೆ ಚಿಕ್ಕಪ್ಪ," ಎಂದಳು.

ಬುಧವಾರ ಬೆಳಿಗ್ಗೆ ನಮೂನೆ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ಮುಂದಿನ ಸೋಮವಾರ ಶಾಲೆಗೆ ಫೋನು ಬಂತು. ಅನುಸೂಯ ಅವರ ಕಾಗದ ತಲುಪಿದೆ, ಬುಧವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ತಂಡದಲ್ಲಿ ಅವರ ಹೆಸರಿದೆ.

ಮಂಗಳವಾರ ಸಂಜೆ ಅವಳು ಚೀಲ ತುಂಬುತ್ತಿದ್ದಳು. ತಿದ್ದಿದ ಪಟ್ಟಿಗಳನ್ನು ನೋಡಿ ಎರಡು ಬದಲಾವಣೆ ಮಾಡಿಕೊಂಡಿದ್ದಳು. ಒಂದು ಜೊತೆ ಕೈಗವಸು ಹೆಚ್ಚು, ಮತ್ತು ನೀರು ಇಳಿಯದ ಒಂದು ಮೇಲಂಗಿ. ಬಾಗಿಲಲ್ಲಿ ನೆರಳು ಬಿತ್ತು. ಮರಿಸ್ವಾಮಿ ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತ.

"ಈ ವಾರ ಸಿಪ್ಪೆ ಮುಚ್ಬೇಕಾ?"

ಅನು ಚೀಲ ಬಿಟ್ಟು ನೋಟ್‌ಬುಕ್ ತೆಗೆದಳು. "ಶುಕ್ರವಾರದ ತನಕ ಬೇಡ ಮಾವ. ಒಣ ಹವೆ ಇದೆ. ಅದರಾಚೆಗೆ ಪಟ್ಟಿಯಲ್ಲಿಲ್ಲ, ನನಗೂ ಗೊತ್ತಿಲ್ಲ. ಬೇಕಿದ್ದರೆ ಇಫ್ಫತ್ ಹೇಳ್ತಾಳೆ."

"ನಮ್ ಗಂಟೆನಾ, ಲಂಡನ್ ಗಂಟೆನಾ?"

"ನಮ್ಮದು. ಕೂಡಿಸಿದೀನಿ."

ಮರಿಸ್ವಾಮಿ ತಲೆಯಾಡಿಸಿದ. ಹೊರಟವನು ಮತ್ತೆ ತಿರುಗಿದ.

"ನಾನಿನ್ನೂ ಹೂಂ ಅಂದಿಲ್ಲ ಕಣವ್ವಾ."

"ನಾನು ಕೇಳಿಲ್ಲ ಮಾವ."

ಅವನು ಅವಳನ್ನು ಒಂದು ಗಳಿಗೆ ನೋಡಿದ. ಅಂಗಳ ದಾಟಿ ಆಲೆಮನೆಯ ಕಡೆ ಹೋದ. ಅನು ಚೀಲದ ದಾರ ಬಿಗಿದಳು.

ಬುಧವಾರ, ಫೆಬ್ರವರಿ 10ರ ಬೆಳಿಗ್ಗೆ ಚಲುವರಾಜು ಅವಳ ಚೀಲವನ್ನು ಮೊಪೆಡ್ಡಿನ ಮುಂದಿಟ್ಟುಕೊಂಡು ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ನಿಗೆ ಬಿಟ್ಟ. ಪ್ಲಾಟ್‌ಫಾರಂ ಮೇಲೆ ಅವನು, "ತಲುಪಿದ್ಮೇಲೆ ಸೊಸೈಟಿಗೆ ಫೋನ್ ಮಾಡು," ಎಂದ. ಬೆಂಗಳೂರಿನ ಗಾಡಿ ಹದಿನೇಳು ನಿಮಿಷ ತಡವಾಗಿ ಬಂತು.

ತರಬೇತಿ ಫೆಬ್ರವರಿ 14ರ ಭಾನುವಾರ ಶುರುವಾಯಿತು. ಪಟ್ಟಿಯಲ್ಲಿ ಕರ್ನಾಟಕದಿಂದ ನಾಲ್ವರ ಹೆಸರಿತ್ತು. ಬಂದವರು ಮೂವರು. ಅವರಲ್ಲಿ ಒಬ್ಬಳು ಅನುಸೂಯ.